ಪಾಂಡೇಶ್ವರದಿಂದ ಬಂದರಿಗೆ ಹೋಗುವ ಹಳಿಯ ಜಾಗ: ರಸ್ತೆಯೇ ಆಗಬೇಕಾ, ನಡೆದಾಡುವ ದಾರಿ ಆಗಬಾರದಾ?

ಪಾಂಡೇಶ್ವರ_ನಿವಾಸಿ
ಎಲ್ಲರಿಗೂ ನಮಸ್ಕಾರ. ನಮ್ಮ ಮಂಗಳೂರು ಸೆಂಟ್ರಲ್ ಸ್ಟೇಷನ್ ಕಡೆಯಿಂದ ಪಾಂಡೇಶ್ವರ ಗೇಟು ದಾಟಿ ಬಂದರಿನ ಹಳೆಯ ಗೂಡ್ಸ್ ಶೆಡ್‌ಗೆ ಹೋಗುವ ಹಳಿ ನಿಮಗೆಲ್ಲ ಗೊತ್ತುಂಟಲ್ಲ. ಗೇಟು ಬಿದ್ದಾಗ ಎರಡೂ ಕಡೆ ಗಾಡಿ ಸಾಲು ನಿಲ್ಲುವುದೂ ಗೊತ್ತು. ಹಳಿ ತೆಗೆದು ಅಲ್ಲಿ ರಸ್ತೆ ಮಾಡಿ ಎಂಬ ಮಾತು ಬಹಳ ಸಮಯದಿಂದ ಕೇಳುತ್ತಾ ಇದೆ.

ನನ್ನ ಪ್ರಶ್ನೆ ಸ್ವಲ್ಪ ಬೇರೆ. ಒಂದು ದಿನ ರೈಲ್ವೆಯವರಿಗೆ ಆ ಹಳಿ ಬೇಡ ಅಂತಾದರೆ, ಆ ಜಾಗವನ್ನು ನಡೆಯುವವರಿಗೆ, ಸೈಕಲಿನವರಿಗೆ, ಮಕ್ಕಳಿಗೆ, ವಯಸ್ಸಾದವರಿಗೆ ಬಿಟ್ಟುಕೊಡಲು ಆಗುವುದಿಲ್ಲವೇ? ಹೊರದೇಶಗಳಲ್ಲಿ ಇಂಥದ್ದಕ್ಕೆ ರೈಲ್ ಟ್ರೇಲ್ ಅನ್ನುತ್ತಾರೆ. ರೈಲು ನಿಂತ ಮೇಲೆ ಹಳಿ ಕಿತ್ತು, ಅದೇ ದಿಬ್ಬ, ಅದೇ ಸೇತುವೆಗಳ ಮೇಲೆ ದಾರಿ ಮಾಡುತ್ತಾರೆ. ನಮ್ಮದು ಚಿಕ್ಕ ತುಂಡು, ಒಪ್ಪುತ್ತೇನೆ. ಆದರೆ ಊರಿನ ಹೊಟ್ಟೆಯಿಂದ ನೇರವಾಗಿ ನೀರಿನ ಹತ್ತಿರಕ್ಕೆ ಹೋಗುವ ದಾರಿ ನಮಗೆ ಬೇರೆ ಎಲ್ಲಿ ಉಂಟು?

ಇದನ್ನು ಮಾಡಬೇಕಾದರೆ ಎಲ್ಲಿಂದ ಶುರು ಮಾಡಬೇಕು? ಯಾರನ್ನು ಕೇಳಬೇಕು? ಗೊತ್ತಿದ್ದವರು ದಯವಿಟ್ಟು ಬರೆಯಿರಿ. ವಿರೋಧ ಇದ್ದವರೂ ಬರೆಯಿರಿ.

ಸೈಕಲ್_ಕುಡ್ಲ
ಅಕ್ಕ, ನಾನು ಈಗಲೇ ರೆಡಿ. ಮಂಗಳೂರಲ್ಲಿ ಸೈಕಲ್ ಹೊಡೆಯುವವರ ಕಷ್ಟ ಎಂತ ಅಂದರೆ ಏರು. ಕದ್ರಿಗೆ ಹೋದರೂ ಏರು, ಬಿಜೈಗೆ ಹೋದರೂ ಏರು, ಲೈಟ್‌ಹೌಸ್ ಹಿಲ್ ಅಂತೂ ಕೇಳಲೇ ಬೇಡಿ. ರೈಲು ದಾರಿ ಮಾತ್ರ ಸಮತಟ್ಟು. ಇಂಜಿನ್‌ಗೆ ಏರು ಹತ್ತಲು ಕಷ್ಟ ಅಂತ ನೂರು ವರ್ಷ ಹಿಂದಿನವರು ಗುಡ್ಡ ಕಡಿದು, ತಗ್ಗು ತುಂಬಿಸಿ ಕೊಟ್ಟಿದ್ದಾರೆ. ಅದನ್ನು ಬಿಟ್ಟುಕೊಡುವುದು ದೊಡ್ಡ ನಷ್ಟ.

ನಿವೃತ್ತ_ಹಳಿಗಾರ
ರೈಲ್ವೆಯಲ್ಲಿ ದುಡಿದು ನಿವೃತ್ತನಾದವನು ನಾನು. ಆಸೆ ಒಳ್ಳೆಯದು. ಮೊದಲು ಎರಡು ವಿಷಯ ಸ್ಪಷ್ಟ ಮಾಡಿಕೊಳ್ಳಿ.

ಒಂದು, ಹಳಿಯ ಮೇಲೆ ದಿನಾ ರೈಲು ಕಾಣದಿದ್ದರೆ ಅದು ಸತ್ತ ಹಳಿ ಅಂತಲ್ಲ. ಬೋಗಿ ನಿಲ್ಲಿಸಲು, ಶಂಟಿಂಗ್ ಮಾಡಲು, ಅಂದರೆ ಬೋಗಿಗಳನ್ನು ಹಿಂದೆ ಮುಂದೆ ಮಾಡಿ ಜೋಡಿಸಲು, ಹಳಿ ಬೇಕಾಗುತ್ತದೆ. ಗೇಟು ಹಾಕುತ್ತಾರೆ ಅಂದರೆ ಹಳಿಗೆ ಕೆಲಸ ಉಂಟು ಅಂತಲೇ ಅರ್ಥ. ಅಲ್ಲಿಯವರೆಗೆ ಅದರ ಮೇಲೆ ನಡೆಯುವುದು ಅಪರಾಧ. 1989ರ ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಎರಡು, ಜಾಗ ಪಾಲಿಕೆಯದ್ದಲ್ಲ. ಮಂಗಳೂರಲ್ಲಿ ರೈಲು ಅಂದರೆ ಒಬ್ಬರೇ ಯಜಮಾನರಲ್ಲ. ಸೆಂಟ್ರಲ್ ಸ್ಟೇಷನ್ ಮತ್ತು ಅದರ ಸುತ್ತಿನದ್ದು ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗ. ಹಾಸನ ಕಡೆಯ ಲೈನು ನೈರುತ್ಯ ರೈಲ್ವೆಯ ಮೈಸೂರು ವಿಭಾಗ. ತೋಕೂರು ದಾಟಿದರೆ ಕೊಂಕಣ ರೈಲ್ವೆ. ನಿಮ್ಮ ಹಳಿಯ ಮಾತು ಪಾಲಕ್ಕಾಡ್‌ಗೆ ಹೋಗಬೇಕು. ಇಲ್ಲಿ ಯಾರಿಗೆ ಮನವಿ ಕೊಟ್ಟರೂ ಅದು ಅಲ್ಲಿಗೇ ಹೋಗುತ್ತದೆ.

ಚಾರಣ_ಹುಚ್ಚ
ಬಂದರಿನ ತುಂಡು ಯಾಕೆ? ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ರೈಲು ದಾರಿ, ಗ್ರೀನ್ ರೂಟ್ ಅನ್ನುವುದು, ಉಂಟಲ್ವಾ? 57 ಸುರಂಗ, ನೂರಕ್ಕೂ ಜಾಸ್ತಿ ಸೇತುವೆ. ದೇಶದಲ್ಲೇ ಅಂಥ ದಾರಿ ಇನ್ನೊಂದಿಲ್ಲ. ಅದನ್ನು ಟ್ರೇಲ್ ಮಾಡಲಿ.

ನಿವೃತ್ತ_ಹಳಿಗಾರ
ಚಾರಣ_ಹುಚ್ಚ ಅವರೇ, ಅಲ್ಲಿ ರಾತ್ರಿ ಹಗಲು ರೈಲು ಓಡುತ್ತದೆ. ಬೆಂಗಳೂರು ರೈಲು ಯಾವ ದಾರಿಯಲ್ಲಿ ಬರುತ್ತದೆ ಅಂದುಕೊಂಡಿದ್ದೀರಿ? ಸುರಂಗದೊಳಗೆ ಗಾಡಿ ಬಂದರೆ ಬದಿಗೆ ನಿಲ್ಲಲು ಜಾಗ ಸಾಲದು. ಘಾಟಿಯಲ್ಲಿ ಹಳಿ ಮೇಲೆ ಚಾರಣ ನಿಷೇಧ ಮಾಡಿದ್ದು ಅದಕ್ಕೇ. ದಯವಿಟ್ಟು ಹುಡುಗರಿಗೆ ಆ ದಾರಿ ತೋರಿಸಬೇಡಿ.

ಆದರೆ ಅದೇ ಲೈನಿನ ಚರಿತ್ರೆಯಲ್ಲಿ ಈ ಚರ್ಚೆಗೆ ಬೇಕಾದ ವಿಷಯ ಒಂದುಂಟು. 1979ರಲ್ಲಿ ಹಾಸನ–ಮಂಗಳೂರು ಮೀಟರ್‌ಗೇಜ್ (ಒಂದು ಮೀಟರ್ ಅಗಲದ ಹಳಿ) ತೆರೆಯಿತು. 1996ರಲ್ಲಿ ಬ್ರಾಡ್‌ಗೇಜ್ (ಅಗಲ ಹಳಿ) ಮಾಡಲು ಅಂತ ಮುಚ್ಚಿದರು. ಪ್ರಯಾಣಿಕರ ಗಾಡಿ ಮತ್ತೆ ಬಂದದ್ದು 2007ರ ಕೊನೆಗೆ. ಹತ್ತು ವರ್ಷಕ್ಕೂ ಜಾಸ್ತಿ ಘಾಟಿಯಲ್ಲಿ ಪ್ರಯಾಣಿಕರ ಗಾಡಿ ಇಲ್ಲ. ಆಗ ಜನ ಅದರ ಮೇಲೆ ನಡೆದರು, ಚಾರಣದ ಹೆಸರು ಬಂದದ್ದೂ ಆ ಕಾಲದಲ್ಲಿ. ಆ ಹತ್ತು ವರ್ಷದಲ್ಲಿ ಜಾಗವನ್ನು ತುಂಡು ತುಂಡು ಮಾಡಿ ಯಾರಿಗಾದರೂ ಕೊಟ್ಟಿದ್ದರೆ ಇವತ್ತು ಬೆಂಗಳೂರಿಗೆ ರೈಲೇ ಇರುತ್ತಿರಲಿಲ್ಲ. ಜಾಗ ಇಡಿಯಾಗಿ ಉಳಿಯಿತು, ಅದಕ್ಕೆ ರೈಲೂ ಉಳಿಯಿತು.

ಪಾಂಡೇಶ್ವರ_ನಿವಾಸಿ
ಹಳಿಗಾರ ಸರ್, ಇದು ತುಂಬಾ ದೊಡ್ಡ ಮಾತು. ನನ್ನ ಮನಸ್ಸಿನಲ್ಲಿದ್ದದ್ದೂ ಇದೇ. ದಾರಿ ಆಮೇಲೆ ಆಗಲಿ, ಜಾಗ ಇಡಿಯಾಗಿ ಉಳಿಯಲಿ.

ದೂರದ_ತುಳುವ
ಇದಕ್ಕೆ ಅಮೆರಿಕದಲ್ಲಿ ಕಾನೂನೇ ಉಂಟು. 1983ರಲ್ಲಿ ಅವರು ತಮ್ಮ ಟ್ರೇಲ್ ಕಾಯ್ದೆಗೆ ತಿದ್ದುಪಡಿ ತಂದರು. ಕಂಪನಿಗೆ ರೈಲು ಓಡಿಸಲು ಲಾಭ ಇಲ್ಲದಿದ್ದರೆ ಜಾಗವನ್ನು ಟ್ರೇಲ್ ಮಾಡುವವರ ಕೈಗೆ ಕೊಡಬಹುದು. ಮುಂದೆ ರೈಲು ಬೇಕಾದರೆ ಮತ್ತೆ ಹಳಿ ಹಾಕಬಹುದು. ಅಲ್ಲಿಯವರೆಗೆ ಪಟ್ಟಿ ತುಂಡಾಗುವುದಿಲ್ಲ. ಜಮೀನಿನವರು ಇದರ ವಿರುದ್ಧ ಕೋರ್ಟಿಗೆ ಹೋದರು. 1990ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು.

ನಾನು ಇರುವುದು ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ. ಇಲ್ಲಿಯ ಒಟಾಗೊ ಸೆಂಟ್ರಲ್ ರೈಲ್ ಟ್ರೇಲ್ ಬಗ್ಗೆ ರಾತ್ರಿ ಕೂತು ಉದ್ದಕ್ಕೆ ಬರೆಯುತ್ತೇನೆ.

ದಕ್ಕೆ_ಲಾರಿ
ನಾನು ವಿರೋಧ ಬರೆಯುತ್ತೇನೆ, ಬೇಸರ ಮಾಡಬೇಡಿ. ನಮ್ಮ ಲಾರಿ ಬಂದರಿಗೆ ಬರುತ್ತದೆ. ಹಳೆ ಬಂದರು ಸತ್ತ ಬಂದರಲ್ಲ. ಲಕ್ಷದ್ವೀಪಕ್ಕೆ ಅಕ್ಕಿ, ಸಿಮೆಂಟು, ತರಕಾರಿ ಎಲ್ಲ ಇಲ್ಲಿಂದ ಮಂಜಿಯಲ್ಲಿ (ಸರಕಿನ ದೊಡ್ಡ ದೋಣಿಯಲ್ಲಿ) ಹೋಗುತ್ತದೆ. ಪಕ್ಕದಲ್ಲೇ ಮೀನಿನ ದಕ್ಕೆ, ದೋಣಿಯಿಂದ ಮೀನು ಇಳಿಸುವ ಕಟ್ಟೆ. ಬೆಳಿಗ್ಗೆ ಐಸ್ ಗಾಡಿ, ಮೀನಿನ ಗಾಡಿ, ನಮ್ಮ ಗಾಡಿ ಎಲ್ಲ ಒಂದೇ ಇಕ್ಕಟ್ಟು ರಸ್ತೆಯಲ್ಲಿ. ಲೋಡಿಂಗ್ ಕೆಲಸದವರು ಗಾಡಿಗಳ ನಡುವೆ ಮೂಟೆ ಹೊತ್ತು ನುಸುಳುತ್ತಾರೆ. ರಸ್ತೆ ಅಗಲ ಮಾಡಲು ಜಾಗ ಎಲ್ಲಿಯೂ ಇಲ್ಲ, ಇರುವುದು ಈ ಹಳಿಯ ಜಾಗ ಒಂದೇ. ಅದನ್ನೂ ವಾಕಿಂಗ್‌ಗೆ ಕೊಟ್ಟರೆ ದುಡಿಯುವವರು ಎಲ್ಲಿಗೆ ಹೋಗಬೇಕು?

ಸೈಕಲ್_ಕುಡ್ಲ
ಲಾರಿಗೆ ರಸ್ತೆ ಕೊಟ್ಟರೆ ನಾಳೆ ಕಾರು ಬರುತ್ತದೆ, ನಾಡಿದ್ದು ಪಾರ್ಕಿಂಗ್ ಆಗುತ್ತದೆ. ಇಕ್ಕಟ್ಟು ಹಾಗೇ ಇರುತ್ತದೆ.

ದಕ್ಕೆ_ಲಾರಿ
ನಿಮಗೆ ಸೈಕಲ್ ಖುಷಿಗೆ. ನಮಗೆ ಲಾರಿ ಅನ್ನಕ್ಕೆ.

ಹೊಯ್ಗೆಬಜಾರ್_ಹುಡುಗಿ
ಲಾರಿ ಅಣ್ಣ, ಬಂದರಿಗೆ ಸೈಕಲಲ್ಲಿ ಕೆಲಸಕ್ಕೆ ಬರುವವರೂ ಇದ್ದಾರಲ್ಲ. ನಡೆದು ಬರುವವರು ಇನ್ನೂ ಜಾಸ್ತಿ. ದಕ್ಕೆಯಿಂದ ಮೀನು ಬುಟ್ಟಿ ಹೊತ್ತು ಬರುವ ಹೆಂಗಸರು ರಸ್ತೆಯ ಯಾವ ಬದಿಯಲ್ಲಿ ನಡೆಯುತ್ತಾರೆ ಅಂತ ನೀವೇ ನೋಡಿದ್ದೀರಿ. ಅವರಿಗೂ ಅದು ಅನ್ನದ ದಾರಿಯೇ.

ಅತ್ತಾವರ_ಅಜ್ಜ
ನಾನು ಸಣ್ಣವನಿದ್ದಾಗ ಗೂಡ್ಸ್ ಶೆಡ್ ಅಂದರೆ ಹೆಂಚು, ಗೋಣಿ, ಉಪ್ಪು, ಒಣಮೀನಿನ ವಾಸನೆ. 1907ರಲ್ಲಿ ಕಲ್ಲಿಕೋಟೆ ಕಡೆಯಿಂದ ರೈಲು ಮಂಗಳೂರಿಗೆ ಬಂತು. ಆಗ ಇಲ್ಲಿ ಹೆಂಚಿನ ಕಾರ್ಖಾನೆಗಳದ್ದೇ ಕಾರುಬಾರು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮೊದಲ ಕಾರ್ಖಾನೆ ಹಾಕಿದ ಮೇಲೆ ನೇತ್ರಾವತಿ, ಗುರುಪುರ ಹೊಳೆ ದಂಡೆಯಲ್ಲಿ ಎಷ್ಟೋ ಚಿಮಣಿಗಳು ಎದ್ದವು. ಮಣ್ಣು ಹೊಳೆಯಲ್ಲಿ ದೋಣಿ ಮೇಲೆ ಬರುತ್ತಿತ್ತು. ಹೆಂಚು ಹಡಗಿನಲ್ಲೂ ರೈಲಿನಲ್ಲೂ ಹೋಗುತ್ತಿತ್ತು. ದಾರಿ ಮಾಡುವುದಾದರೆ ಇದೆಲ್ಲ ಬರೆದ ಒಂದೆರಡು ಫಲಕ ಹಾಕಿ. ಈಗಿನ ಮಕ್ಕಳಿಗೆ ಮಂಗಳೂರು ಹೆಂಚು ಅಂದರೆ ರೆಸಾರ್ಟಿನ ಮಾಡು ಅಂತ ಮಾತ್ರ ಗೊತ್ತು.

ಗೋಳಿಬಜೆ_ಪ್ರೇಮಿ
ಫಲಕದ ಪಕ್ಕ ಒಂದು ಚಾ ಅಂಗಡಿಯೂ ಇರಲಿ ಅಜ್ಜ. ಬಿಸಿ ಗೋಳಿಬಜೆ ಸಿಗುವುದಾದರೆ ನಾನು ಸುರತ್ಕಲ್‌ನಿಂದ ಬರುತ್ತೇನೆ.

ಸೈಕಲ್_ಕುಡ್ಲ
ಗೋಳಿಬಜೆಗೆ ಚಟ್ನಿ ಕಡ್ಡಾಯ.

ಅತ್ತಾವರ_ಅಜ್ಜ
ಮೊದಲು ದಾರಿ ಆಗಲಿ ಮಕ್ಕಳೇ.

ಇಂದ್ರಾಳಿ_ಮನೆ
ಉಡುಪಿಯಿಂದ ಕೇಳುತ್ತಿದ್ದೇನೆ. ನಮ್ಮಲ್ಲಿ ಹಳೆ ಹಳಿ ಅಂತ ಇಲ್ಲವೇ ಇಲ್ಲ. ಮಂಗಳೂರು–ಉಡುಪಿ ನಡುವೆ ಕೊಂಕಣ ರೈಲು ಶುರುವಾದದ್ದೇ 1993ರಲ್ಲಿ. ಆದರೆ ಹಳಿಯ ಪಕ್ಕದಲ್ಲಿ ಉದ್ದಕ್ಕೆ ಜಾಗ ಉಂಟು. ಮುರಕಲ್ಲು (ಜಂಬಿಟ್ಟಿಗೆ) ಕಡಿದು ಮಾಡಿದ ದೊಡ್ಡ ದೊಡ್ಡ ಕಟ್ಟಿಂಗ್ ಉಂಟು. ಬೇಲಿ ಹಾಕಿ ಪಕ್ಕದಲ್ಲೇ ಸೈಕಲ್ ದಾರಿ ಮಾಡಲು ಆಗುವುದಿಲ್ಲವೇ? ಇಂದ್ರಾಳಿ ಸ್ಟೇಷನ್‌ಗೆ ನಡೆದು ಹೋಗುವುದು ಅಂದರೆ ಜೀವ ಕೈಯಲ್ಲಿ ಹಿಡಿದ ಹಾಗೆ. ಮಣಿಪಾಲದ ವಿದ್ಯಾರ್ಥಿಗಳು ಬ್ಯಾಗು ಎಳೆದುಕೊಂಡು ಹೆದ್ದಾರಿ ಬದಿಯಲ್ಲಿ ನಡೆಯುವುದನ್ನು ನೋಡಿದರೆ ಹೆದರಿಕೆ ಆಗುತ್ತದೆ.

ನಿವೃತ್ತ_ಹಳಿಗಾರ
ಓಡುವ ಹಳಿಯ ಪಕ್ಕ ಬೇಲಿ ಹಾಕಿ ದಾರಿ ಮಾಡಿದ ಉದಾಹರಣೆಗಳು ಹೊರಗೆ ಇವೆ. ನಿಮ್ಮಲ್ಲಿ ಕಷ್ಟ. ಅದು ಒಂಟಿ ಹಳಿ, ಜೋಡಿ ಹಳಿ ಆಗಬೇಕು ಎಂಬ ಬೇಡಿಕೆ ಇರುವ ಕಡೆ. ಪಕ್ಕದ ಜಾಗ ಅದಕ್ಕೇ ಬೇಕು. ಮಳೆಗಾಲದಲ್ಲಿ ಕಟ್ಟಿಂಗ್‌ನಲ್ಲಿ ಕಲ್ಲು ಜಾರುತ್ತದೆ ಅಂತ ಕೊಂಕಣ ರೈಲ್ವೆ ಗಾಡಿಗಳ ವೇಗವನ್ನೇ ಇಳಿಸುತ್ತದೆ, ಪ್ರತಿ ವರ್ಷ ಮಳೆಗಾಲದ ವೇಳಾಪಟ್ಟಿಯೇ ಬೇರೆ. ಅಂಥ ಕಡೆ ಮಕ್ಕಳನ್ನು ಬಿಡಬಾರದು. ಸ್ಟೇಷನ್‌ನಿಂದ ಹೆದ್ದಾರಿವರೆಗೆ ಒಳ್ಳೆಯ ಫುಟ್‌ಪಾತ್ ಕೇಳಿ. ಅದು ನ್ಯಾಯವಾದ ಬೇಡಿಕೆ, ಆಗುವ ಬೇಡಿಕೆ.

ಇಂದ್ರಾಳಿ_ಮನೆ
ಫುಟ್‌ಪಾತ್ ಕೇಳಿ ಕೇಳಿ ಸಾಕಾಗಿದೆ ಮಾರಾಯ್ರೆ. ಇಂದ್ರಾಳಿ ಸೇತುವೆಗೆ ಎಷ್ಟು ವರ್ಷ ಕಾದೆವು ಅಂತ ಉಡುಪಿಯವರಿಗೆ ಗೊತ್ತುಂಟು. ಆದರೂ ಜೋಡಿ ಹಳಿಯ ಮಾತು ಸರಿ. ಆ ಜಾಗಕ್ಕೆ ಕೈ ಹಾಕುವುದು ಬೇಡ.

ದೂರದ_ತುಳುವ
ಹೇಳಿದ ಹಾಗೆ ಒಟಾಗೊ ಕತೆ.

ಕ್ಲೈಡ್‌ನಿಂದ ಮಿಡಲ್‌ಮಾರ್ಚ್‌ವರೆಗೆ ಸುಮಾರು 150 ಕಿ.ಮೀ. ದಾರಿ. ಅಲ್ಲಿಯ ಗೇಜ್ 1067 ಮಿ.ಮೀ., ಅಂದರೆ ನಮ್ಮ ಹಳೆ ಮೀಟರ್‌ಗೇಜ್‌ಗಿಂತ ಸ್ವಲ್ಪವೇ ಅಗಲ. ಕ್ಲೈಡ್ ಅಣೆಕಟ್ಟಿಗೆ ಸಾಮಾನು ಸಾಗಿಸುವ ಕೆಲಸ ಮುಗಿದ ಮೇಲೆ 1990ರಲ್ಲಿ ರೈಲು ನಿಂತಿತು. 1993ರಲ್ಲಿ ಸರ್ಕಾರದ ಪರಿಸರ ಸಂರಕ್ಷಣಾ ಇಲಾಖೆ ಜಾಗವನ್ನು ತನ್ನ ಕೈಗೆ ತೆಗೆದುಕೊಂಡಿತು. ಮರು ವರ್ಷ ಊರಿನವರು ಒಂದು ಟ್ರಸ್ಟ್ ಕಟ್ಟಿದರು. ಇಲಾಖೆ ಜಾಗ ನೋಡಿಕೊಳ್ಳುವುದು, ಟ್ರಸ್ಟ್ ಹಣ ಎತ್ತುವುದು. ತುಂಡು ತುಂಡಾಗಿ ತೆರೆಯುತ್ತಾ ಹೋಗಿ 2000ದಲ್ಲಿ ಪೂರ್ತಿ ಆಯಿತು. ಸೇತುವೆಗಳಿಗೆ ಹಲಗೆ ಹಾಸಿ, ಬದಿಗೆ ಕೈ ಹಿಡಿಯಲು ಕಂಬಿ ಹಾಕಿದರು. ಸುರಂಗ ಮೂರೇ, ಆದರೆ ಒಳಗೆ ಟಾರ್ಚ್ ಬೇಕು.

ಶುರುವಿನಲ್ಲಿ ಪಕ್ಕದ ಕುರಿ ಸಾಕುವವರಿಗೆ ಇದು ಬೇಕಿರಲಿಲ್ಲ. ಪರಕೀಯರು ಬಂದು ಗೇಟು ತೆರೆದು ಬಿಡುತ್ತಾರೆ, ಕುರಿ ಹೋಗುತ್ತದೆ ಎಂಬ ಭಯ. ಆಮೇಲೆ ಅದೇ ಮನೆಗಳವರು ಸೈಕಲಿನವರಿಗೆ ಕೋಣೆ ಕೊಟ್ಟರು, ಊಟ ಕೊಟ್ಟರು. ರೈಲು ನಿಂತು ಮುಚ್ಚುವ ಹಂತಕ್ಕೆ ಬಂದಿದ್ದ ಸಣ್ಣ ಹಳ್ಳಿಗಳಲ್ಲಿ ಅಂಗಡಿ ಮತ್ತೆ ತೆರೆಯಿತು.

ನನಗೆ ಇಲ್ಲಿ ಕಂಡ ಪಾಠ ಇಷ್ಟೇ. ಹಳಿ ಕೀಳುವುದು ಸುಲಭ. ಪಕ್ಕದಲ್ಲಿ ಬದುಕುವವರನ್ನು ಮೊದಲ ದಿನದಿಂದ ಜೊತೆಗೆ ಕೂರಿಸಿಕೊಳ್ಳುವುದು ಕಷ್ಟ. ಲಾರಿ ಅಣ್ಣನಂಥವರನ್ನು ಬಿಟ್ಟು ಸಭೆ ಮಾಡಿದರೆ ಏನೂ ಆಗುವುದಿಲ್ಲ.

ದಕ್ಕೆ_ಲಾರಿ
ಸಭೆಗೆ ಕರೆದರೆ ಬರುತ್ತೇನೆ. ಆದರೆ ಕುರಿ ಊರಿನ ಲೆಕ್ಕ ಬಂದರಿಗೆ ಹೊಂದುವುದಿಲ್ಲ. ಅಲ್ಲಿ ಜಾಗ ಬೇಕಾದಷ್ಟು ಉಂಟು. ಇಲ್ಲಿ ಒಂದು ಸೆಂಟ್ಸ್‌ಗೂ ಜಗಳ.

ಬಂದರ್_ಬಾಡಿಗೆಮನೆ
ನನ್ನ ಭಯ ಬೇರೆ. ನ್ಯೂಯಾರ್ಕಿನ ಹೈ ಲೈನ್ ಎಲ್ಲರೂ ಹೊಗಳುತ್ತಾರೆ. 1980ರಲ್ಲಿ ಕೊನೆಯ ಗೂಡ್ಸ್ ಓಡಿದ ಎತ್ತರದ ಹಳಿ ಅದು. ಕೆಡವಿ ಹಾಕುವುದರಲ್ಲಿದ್ದರು. 1999ರಲ್ಲಿ ಅಕ್ಕಪಕ್ಕದವರು ಸೇರಿ ಸಂಘ ಮಾಡಿ ಉಳಿಸಿದರು, 2009ರಲ್ಲಿ ಮೊದಲ ಭಾಗ ತೆರೆಯಿತು. ಚೆಂದ ಆಯಿತು, ನಿಜ. ಆದರೆ ಸುತ್ತಲಿನ ಜಾಗದ ಬೆಲೆ ಏರಿತು, ದುಬಾರಿ ಕಟ್ಟಡಗಳು ಬಂದವು. ಹಳೆ ಬಾಡಿಗೆಯವರಿಗೆ ಅಲ್ಲಿ ಬದುಕುವುದೇ ಕಷ್ಟ ಆಯಿತು.

ಬಂದರಿನ ಸುತ್ತ ಸಣ್ಣ ಬಾಡಿಗೆಯ ಹೆಂಚಿನ ಮನೆಗಳಲ್ಲಿ ನಮ್ಮಂಥವರು ಬಹಳ ಜನ ಇದ್ದೇವೆ. ಪಕ್ಕದಲ್ಲಿ ಚೆಂದದ ದಾರಿ ಆದರೆ ನಮ್ಮ ಯಜಮಾನರು ಮನೆ ಬಿಲ್ಡರ್‌ಗೆ ಕೊಡುತ್ತಾರೆ. ಆಗ ನಾವು ಎಲ್ಲಿಗೆ? ದಾರಿ ಬೇಡ ಅನ್ನುತ್ತಿಲ್ಲ. ಈ ಮಾತು ಮೊದಲ ಸಭೆಯಲ್ಲೇ ಬರಲಿ.

ಪಾಂಡೇಶ್ವರ_ನಿವಾಸಿ
ಖಂಡಿತ ಬರಬೇಕು. ತಳ್ಳುಗಾಡಿಯವರ ಮಾತೂ ಬರಬೇಕು. ಚೆಂದ ಮಾಡುವ ಹೆಸರಲ್ಲಿ ಮೊದಲು ಎಬ್ಬಿಸುವುದು ಅವರನ್ನೇ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರ ಪರವಾಗಿ ಉಂಟು. ದಾರಿಯ ನಕ್ಷೆಯಲ್ಲೇ ಅವರಿಗೆ ಜಾಗ ಗುರುತು ಮಾಡಿದರೆ ಆಮೇಲೆ ಜಗಳ ಇರುವುದಿಲ್ಲ.

ಮುರಕಲ್ಲು_ಇಂಜಿನಿಯರ್
ಕೆಲಸದ ವಿಷಯ ಯಾರೂ ಬರೆಯಲಿಲ್ಲ, ನಾನು ಬರೆಯುತ್ತೇನೆ. ಸಿವಿಲ್ ಕೆಲಸದವನು.

ಹಳಿಯ ಕೆಳಗೆ ಜಲ್ಲಿ ಇರುತ್ತದೆ. ಅದರ ಮೇಲೆ ನಡೆಯಲು ಆಗುವುದಿಲ್ಲ, ಸೈಕಲ್ ಅಂತೂ ಇಲ್ಲ. ಜಲ್ಲಿ ಎತ್ತಬೇಕು, ಇಲ್ಲವೇ ಅದನ್ನೇ ಒಡೆದು ಅಡಿಪಾಯಕ್ಕೆ ಹಾಕಿ ರೋಲರ್ ಹೊಡೆಯಬೇಕು. ಅದಕ್ಕೂ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಇದು ಎಲ್ಲರೂ ಮರೆಯುವ ಕೆಲಸ. ಹಳೆ ಮರದ ಸ್ಲೀಪರ್‌ಗಳಿಗೆ ಗೆದ್ದಲು ಹಿಡಿಯದಂತೆ ಡಾಂಬರಿನಂಥ ಎಣ್ಣೆ ಕುಡಿಸುತ್ತಿದ್ದರು. ಯಾರ್ಡಿನಲ್ಲಿ ಇಂಜಿನ್ ಎಣ್ಣೆ ಸುರಿದಿರುತ್ತದೆ, ಕಳೆನಾಶಕ ಹೊಡೆದಿರುತ್ತಾರೆ. ಮಕ್ಕಳು ಕೂತು ಆಡುವ ಜಾಗ ಆಗುವುದಾದರೆ ಮೇಲಿನ ಮಣ್ಣಲ್ಲಿ ಎಂತ ಉಂಟು ಅಂತ ಗೊತ್ತಿರಬೇಕು. ಹಳೆ ಸ್ಲೀಪರ್ ತಂದು ಬೆಂಚು ಮಾಡುವ ಐಡಿಯಾ ಯಾರಾದರೂ ಕೊಟ್ಟರೆ ದಯವಿಟ್ಟು ಬೇಡ ಅನ್ನಿ.

ಇನ್ನು ಮಳೆ. ಹೊರದೇಶದ ಟ್ರೇಲ್‌ಗಳಲ್ಲಿ ಕಲ್ಲಿನ ಪುಡಿ ಹಾಸಿ ಗಟ್ಟಿ ಮಾಡುತ್ತಾರೆ. ಖರ್ಚು ಕಡಿಮೆ, ನಡೆಯಲು ಹಿತ. ಅದನ್ನು ನೋಡಿ ಇಲ್ಲಿ ಹಾಗೇ ಮಾಡಿದರೆ ಜೂನ್ ತಿಂಗಳಲ್ಲೇ ತೋಡಿಗೆ ಹೋಗುತ್ತದೆ. ಮಂಗಳೂರಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಜಾಸ್ತಿ ಮಳೆ, ಅದರಲ್ಲಿ ಹೆಚ್ಚಿನದು ನಾಲ್ಕೇ ತಿಂಗಳಲ್ಲಿ. ಮುರಕಲ್ಲಿನ ಮಣ್ಣು ಹಾಸಿದರೆ ಪಾಚಿ ಹಿಡಿದು ಜಾರುತ್ತದೆ. ಇಂಟರ್‌ಲಾಕ್ ಹಾಕಿದರೆ ಕೆಳಗಿನ ಮರಳು ಕೊಚ್ಚಿ ಹೋಗಿ ಎರಡನೇ ಮಳೆಗಾಲಕ್ಕೆ ಕಲ್ಲು ಕುಣಿಯುತ್ತದೆ, ನಮ್ಮ ಫುಟ್‌ಪಾತ್‌ಗಳಲ್ಲಿ ನೋಡಿದ್ದೇವೆ. ನನ್ನ ಪ್ರಕಾರ ನಡುವೆ ಮೂರು ಮೀಟರ್ ಅಗಲಕ್ಕೆ ಒರಟು ಮೇಲ್ಮೈಯ ಕಾಂಕ್ರೀಟು, ಅದಕ್ಕೆ ಬದಿಗೆ ಇಳಿಜಾರು, ಎರಡೂ ಕಡೆ ತೆರೆದ ಚರಂಡಿ. ಮುಚ್ಚಿದ ಚರಂಡಿ ಬೇಡ, ಕಸ ಕಟ್ಟಿದರೆ ಗೊತ್ತೇ ಆಗುವುದಿಲ್ಲ.

ರೈಲ್ವೆಯವರು ಹಾಕಿದ ಹಳೆ ಮೋರಿಗಳನ್ನು ಮಾತ್ರ ಮುಚ್ಚಬೇಡಿ. ಆ ದಿಬ್ಬದ ಕೆಳಗೆ ನೀರು ಎಲ್ಲಿ ಹೋಗಬೇಕು ಅಂತ ಅವರು ಲೆಕ್ಕ ಹಾಕಿಯೇ ಇಟ್ಟಿದ್ದು. ಒಂದು ಮೋರಿ ಮುಚ್ಚಿದರೆ ಮೇಲಿನ ಮನೆಗಳಿಗೆ ನೀರು ನುಗ್ಗುತ್ತದೆ, ಆಗ ಊರಿಡೀ ನಿಮ್ಮ ದಾರಿಗೆ ಶಾಪ ಹಾಕುತ್ತದೆ.

ಹೊಳೆ_ಬದಿ
ಹೊಳೆ ಹತ್ತಿರ ಹೋದ ಹಾಗೆ ಕರಾವಳಿ ನಿಯಂತ್ರಣ ವಲಯದ ನಿಯಮ ಬರುತ್ತದೆ. ಕಾಂಡ್ಲ (ಮ್ಯಾಂಗ್ರೋವ್) ಗಿಡ ಇರುವಲ್ಲಿ ಕಾಂಕ್ರೀಟ್ ಸುರಿಯಲು ಬಿಡುವುದಿಲ್ಲ, ಬಿಡಲೂ ಬಾರದು. ಅನುಮತಿ ಮೊದಲು, ಗುದ್ದಲಿ ಪೂಜೆ ಆಮೇಲೆ.

ಗಾಲಿಕುರ್ಚಿ_ಪಯಣ
ಇಂಜಿನಿಯರ್ ಅವರು ಬರೆದದ್ದು ಓದಿ ಖುಷಿಯಾಯಿತು. ನಾನು ಗಾಲಿಕುರ್ಚಿಯಲ್ಲಿ ಓಡಾಡುವವಳು. ರ‍್ಯಾಂಪ್‌ಗೆ ನಮ್ಮ ದೇಶದ ನಿಯಮ 12ಕ್ಕೆ 1, ಅಂದರೆ 12 ಅಡಿ ಹೋದರೆ ಒಂದು ಅಡಿ ಏರು. ಘಾಟಿಯ ರೈಲು ದಾರಿಯಲ್ಲೇ ಅತಿ ಕಡಿದಾದ ಏರು 50ಕ್ಕೆ 1. ಬಂದರಿನ ಹಳಿ ಅದಕ್ಕಿಂತಲೂ ಸಮ. ಮಂಗಳೂರಲ್ಲಿ ಯಾರ ಕೈಯ ಸಹಾಯವೂ ಇಲ್ಲದೆ ನಾನೊಬ್ಬಳೇ ಹೋಗಬಹುದಾದ ದಾರಿ ಇದೊಂದೇ ಇರಬಹುದು. ನನಗೆ ಇದು ವಾಕಿಂಗ್ ಅಲ್ಲ, ಸ್ವಾತಂತ್ರ್ಯ.

ಒಂದು ಎಚ್ಚರಿಕೆ. ಬೈಕ್ ನುಗ್ಗಬಾರದು ಅಂತ ದಾರಿಯ ಬಾಯಲ್ಲಿ ಕಬ್ಬಿಣದ ಕಂಬ ಒತ್ತೊತ್ತಾಗಿ ನೆಡುತ್ತಾರೆ. ಆಗ ಗಾಲಿಕುರ್ಚಿಯೂ ಹೋಗುವುದಿಲ್ಲ. ಒಂದು ಉದ್ಯಾನದಲ್ಲಿ ನನಗೆ ಹೀಗೇ ಆಯಿತು. ಒಳಗೆ ರ‍್ಯಾಂಪ್ ಎಲ್ಲ ಚೆಂದ ಮಾಡಿದ್ದರು, ಬಾಗಿಲಲ್ಲೇ ನನ್ನ ಕುರ್ಚಿ ನಿಂತಿತು. ಕಂಬಗಳ ನಡುವೆ ಕನಿಷ್ಠ 90 ಸೆಂ.ಮೀ. ಬಿಡಿ.

ಸೈಕಲ್_ಕುಡ್ಲ
90 ಬಿಟ್ಟರೆ ಸ್ಕೂಟರ್ ಆರಾಮಾಗಿ ಹೋಗುತ್ತದೆ ಅಕ್ಕ.

ಗಾಲಿಕುರ್ಚಿ_ಪಯಣ
ಹೋಗಲಿ, ದಂಡ ಹಾಕಿ. ಸ್ಕೂಟರಿನವನ ತಪ್ಪಿಗೆ ನನ್ನನ್ನು ಹೊರಗೆ ನಿಲ್ಲಿಸಬೇಡಿ.

ಮುರಕಲ್ಲು_ಇಂಜಿನಿಯರ್
ಅಕ್ಕನ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಕಂಬದಿಂದ ಸ್ಕೂಟರ್ ತಡೆಯಲು ಆಗುವುದಿಲ್ಲ. ಜನ ಓಡಾಡುತ್ತಿದ್ದರೆ ಸ್ಕೂಟರ್ ತಾನಾಗಿ ಕಡಿಮೆಯಾಗುತ್ತದೆ.

ಹೊಯ್ಗೆಬಜಾರ್_ಹುಡುಗಿ
ರಾತ್ರಿಯ ವಿಷಯ ಯಾರಾದರೂ ಯೋಚನೆ ಮಾಡಿದ್ದೀರಾ? ಎರಡೂ ಕಡೆ ಕಂಪೌಂಡ್ ಗೋಡೆ, ನಡುವೆ ಉದ್ದ ಓಣಿ. ಕತ್ತಲಾದ ಮೇಲೆ ಒಂದು ತುದಿಯಲ್ಲಿ ಕುಡಿದವರು ಕೂತರೆ ನಾವು ಹುಡುಗಿಯರು ವಾಪಸ್ ಹೋಗುವುದು ಹೇಗೆ? ನಡುನಡುವೆ ಹೊರಗೆ ಹೋಗಲು ಬಾಗಿಲು ಬೇಕು. ಎರಡು ತುದಿ ಮಾತ್ರ ತೆರೆದಿದ್ದರೆ ಅದು ಹೆಂಗಸರ ದಾರಿ ಆಗುವುದಿಲ್ಲ. ದೀಪ ಬೇಕು. ಶೌಚಾಲಯ ಬೇಕು, ಅದಕ್ಕೆ ನೀರು ಮತ್ತು ತೊಳೆಯುವವರಿಗೆ ಸಂಬಳವೂ ಬೇಕು. ಮೀನಿನ ಹೆಂಗಸರಿಗೆ ಕೂತು ದಣಿವಾರಿಸಲು ಕಟ್ಟೆ, ಬುಟ್ಟಿ ಇಳಿಸುವ ಎತ್ತರಕ್ಕೆ.

ಅತ್ತಾವರ_ಅಜ್ಜ
ಸುಮೈದ ಕಲ್ಲು! ಹಿಂದೆ ದಾರಿಬದಿಯಲ್ಲಿ ತಲೆಹೊರೆ ಇಳಿಸಲು ಅಂಥ ಕಲ್ಲು ಇರುತ್ತಿತ್ತು. ನಿಂತ ಎತ್ತರಕ್ಕೇ ಹೊರೆ ಜಾರಿಸಬಹುದು, ಯಾರನ್ನೂ ಕರೆಯಬೇಕಾಗಿಲ್ಲ. ಹುಡುಗಿ ಹೇಳಿದ್ದು ಬಹಳ ಸರಿ.

ಸಿಂಗಾಪುರ_ಕುಡ್ಲದವ
ಮಳೆ ಊರಿನ ಉದಾಹರಣೆ ಬೇಕಾದರೆ ಸಿಂಗಾಪುರ ನೋಡಿ. ಮಲೇಷ್ಯಾ ರೈಲ್ವೆಯ ಹಳಿ ಊರಿನ ನಡುವೆ ಹೋಗುತ್ತಿತ್ತು. 2011ರ ಜೂನ್ 30ರಂದು ಕೊನೆಯ ಗಾಡಿ. ಜಾಗ ಸಿಂಗಾಪುರಕ್ಕೆ ವಾಪಸ್ ಬಂತು. ಅಲ್ಲಿ ಒಂದೊಂದು ಅಡಿಗೂ ಚಿನ್ನದ ಬೆಲೆ, ಮಾರಿದ್ದರೆ ರಾಶಿ ದುಡ್ಡು ಬರುತ್ತಿತ್ತು. ರೈಲು ನಿಲ್ಲುವ ಮೊದಲೇ, 2010ರಲ್ಲೇ, ಅಲ್ಲಿನ ನಿಸರ್ಗ ಸಂಘದವರು ಇದನ್ನು ಹಸಿರು ದಾರಿಯಾಗಿ ಇಡಿಯಾಗಿ ಉಳಿಸಿ ಅಂತ ಯೋಜನೆ ಬರೆದು ಸರ್ಕಾರಕ್ಕೆ ಕೊಟ್ಟಿದ್ದರು. ಈಗ 24 ಕಿ.ಮೀ. ರೈಲ್ ಕಾರಿಡಾರ್. ಬುಕಿಟ್ ತಿಮಾ ಸ್ಟೇಷನ್ ಕಟ್ಟಡವನ್ನೂ ಕಬ್ಬಿಣದ ಸೇತುವೆಗಳನ್ನೂ ಹಾಗೇ ಇಟ್ಟಿದ್ದಾರೆ.

ಗಮನಿಸಬೇಕಾದ್ದು ಅವರ ಸಮಯ. ರೈಲು ನಿಂತ ಮೇಲೆ ಅಲ್ಲ, ಮೊದಲೇ ಕೇಳಿದರು. ನಿಂತ ಮರುದಿನ ಹತ್ತು ಇಲಾಖೆ ಕೈ ಚಾಚುತ್ತವೆ.

ದಕ್ಕೆ_ಲಾರಿ
ಅಲ್ಲಿ ಲಾರಿಗೆ ಬೇರೆ ರಸ್ತೆ ಉಂಟಲ್ಲ. ಅದೇ ನನ್ನ ಮಾತು. ನಮಗೂ ಒಂದು ಬಗೆ ಮಾಡಿ, ಆಮೇಲೆ ಈ ದಾರಿ ಕೇಳಿ. ಬೆಳಗ್ಗಿನ ಹೊತ್ತು ಮೀನಿನ ಗಾಡಿಗೆ, ಆಮೇಲೆ ನಮಗೆ ಅಂತ ಸಮಯ ಹಂಚಿದರೂ ಇಕ್ಕಟ್ಟು ಅರ್ಧ ಕಡಿಮೆಯಾಗುತ್ತದೆ. ಲೋಡಿಂಗ್‌ಗೆ ಗೂಡ್ಸ್ ಶೆಡ್ ಅಂಗಳದ ಒಂದು ಮೂಲೆ ಕೊಟ್ಟರೆ ಲಾರಿ ರಸ್ತೆಯಲ್ಲಿ ನಿಲ್ಲುವುದೇ ಬೇಡ.

ಪಾಂಡೇಶ್ವರ_ನಿವಾಸಿ
ಲಾರಿ ಅಣ್ಣ, ಇದನ್ನೇ ಬರೆದು ಕೊಡುತ್ತೀರಾ? ದಾರಿ ಕೇಳುವ ಮನವಿಯಲ್ಲೇ ಅಂಗಳದಲ್ಲಿ ಲೋಡಿಂಗ್ ಜಾಗವೂ ಬೇಕು ಅಂತ ಸೇರಿಸುತ್ತೇನೆ. ಎರಡೂ ಒಟ್ಟಿಗೆ ಕೇಳೋಣ.

ದಕ್ಕೆ_ಲಾರಿ
ಒಟ್ಟಿಗೆ ಕೇಳುವುದಾದರೆ ಬರೆಯುತ್ತೇನೆ. ಹಳಿಯ ಮೇಲೆ ರಸ್ತೆ ಬೇಕು ಅನ್ನುವ ಮಾತನ್ನು ನಾನಿನ್ನೂ ಬಿಟ್ಟಿಲ್ಲ, ಅದನ್ನೂ ಬರೆದುಕೊಳ್ಳಿ.

ಬೋಳಾರ_ವಾಕರ್
ಗುಡಿಸುವವರು ಯಾರು? ಉದ್ಘಾಟನೆ ದಿನ ಎಲ್ಲರೂ ಇರುತ್ತಾರೆ. ಮೂರನೇ ಮಳೆಗಾಲದಲ್ಲಿ ಹುಲ್ಲು ಕೊಯ್ಯುವವರು ಯಾರು?

ದೂರದ_ತುಳುವ
ಅದು ಬಹಳ ಮುಖ್ಯ ಪ್ರಶ್ನೆ. ಇಂಗ್ಲೆಂಡಿನ ಬ್ರಿಸ್ಟಲ್–ಬಾತ್ ದಾರಿಯನ್ನು 1979ರಲ್ಲಿ ಊರಿನವರೇ ಗುದ್ದಲಿ ಹಿಡಿದು ಶುರು ಮಾಡಿದ್ದು. ಕೈಯಾರೆ ಮಾಡಿದವರು ಆಮೇಲೆ ಕಸ ಬಿದ್ದರೆ ಸುಮ್ನೆ ಇರುವುದಿಲ್ಲ. ಆದರೂ ಬರೀ ಸ್ವಯಂಸೇವಕರನ್ನು ನಂಬಿದರೆ ನಡೆಯುವುದಿಲ್ಲ. ಪಾಲಿಕೆಯ ಬಜೆಟ್ಟಿನಲ್ಲಿ ಪ್ರತಿ ವರ್ಷ ಒಂದು ಸಾಲು ಇರಬೇಕು. ಕಟ್ಟುವ ಹಣ ಒಮ್ಮೆ ಸಿಗುತ್ತದೆ, ನೋಡಿಕೊಳ್ಳುವ ಹಣ ವರ್ಷವೂ ಬೇಕು. ಆ ಸಾಲು ಬಾರದೆ ಕೆಲಸ ಶುರು ಮಾಡಬೇಡಿ.

ಬಂದರ್_ಬಾಡಿಗೆಮನೆ
ಆ ಕೆಲಸಕ್ಕೆ ಸುತ್ತಲಿನವರನ್ನೇ ತೆಗೆದುಕೊಳ್ಳಲಿ. ಸಂಬಳಕ್ಕೆ.

ನಿವೃತ್ತ_ಹಳಿಗಾರ
ಇಷ್ಟು ಮಾತಾಡಿದ್ದೀರಿ, ಈಗ ಕಾಗದದ ಕೆಲಸ ಹೇಳುತ್ತೇನೆ. ಮನವಿ, ಮೆರವಣಿಗೆ ಎಲ್ಲ ಆಮೇಲೆ. ಮೊದಲು ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಆ ಹಳಿ ಈಗ ಯಾವ ಕೆಲಸಕ್ಕೆ ಬಳಕೆಯಲ್ಲಿದೆ, ಜಾಗದ ಅಗಲ ಎಷ್ಟು, ಗಡಿ ನಕ್ಷೆಯ ಪ್ರತಿ, ಯಾರಿಗಾದರೂ ಲೀಸಿಗೆ ಅಥವಾ ಪರವಾನಗಿಗೆ ಕೊಟ್ಟಿದ್ದಾರಾ, ರಸ್ತೆಗೆ ಕೊಡುವ ಪ್ರಸ್ತಾವ ಏನಾದರೂ ಬಂದಿದೆಯಾ. ಇಷ್ಟೇ ಕೇಳಿ. ‘ಯಾಕೆ ಮಾಡಿಲ್ಲ’ ಅಂತ ಕೇಳಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. ದಾಖಲೆ ಕೇಳಿ.

ಪಾಂಡೇಶ್ವರ_ನಿವಾಸಿ
ಕನ್ನಡದಲ್ಲಿ ಬರೆಯಬಹುದಾ ಸರ್? ಪಾಲಕ್ಕಾಡ್‌ನಲ್ಲಿ ಓದುತ್ತಾರಾ?

ನಿವೃತ್ತ_ಹಳಿಗಾರ
ಬರೆಯಬಹುದು. ಇಂಗ್ಲಿಷ್, ಹಿಂದಿ, ಇಲ್ಲವೇ ಅರ್ಜಿ ಹಾಕುವ ಪ್ರದೇಶದ ಅಧಿಕೃತ ಭಾಷೆ ಅಂತ ಕಾಯ್ದೆಯಲ್ಲೇ ಉಂಟು. ನೀವು ಮಂಗಳೂರಿನಿಂದ ಹಾಕುತ್ತಿದ್ದೀರಿ. ಬೇಗ ಆಗಬೇಕಾದರೆ ಜೊತೆಗೆ ಇಂಗ್ಲಿಷ್ ಪ್ರತಿಯೂ ಇಡಿ. ಶುಲ್ಕ 10 ರೂಪಾಯಿ. 30 ದಿನದೊಳಗೆ ಉತ್ತರ ಕೊಡಬೇಕು. ತಪ್ಪು ಕಚೇರಿಗೆ ಹೋದರೆ ಐದು ದಿನದೊಳಗೆ ಸರಿಯಾದ ಕಚೇರಿಗೆ ಅವರೇ ಕಳಿಸಬೇಕು.

ಹೊಯ್ಗೆಬಜಾರ್_ಹುಡುಗಿ
ಅಕ್ಕ, ಮೋರಿಗಳ ನಕ್ಷೆಯೂ ಕೇಳಿ. ಇಂಜಿನಿಯರ್ ಅಣ್ಣ ಹೇಳಿದ್ದು ಮರೆಯಬೇಡಿ.

ಮುರಕಲ್ಲು_ಇಂಜಿನಿಯರ್
ಗೇಟಿನ ಆಚೆ ಈಚೆ ಹಳಿಯ ಮಟ್ಟದ ಅಳತೆ ಇದ್ದರೆ ಅದನ್ನೂ ಕೇಳಿ.

ಪಾಂಡೇಶ್ವರ_ನಿವಾಸಿ
ಎರಡನ್ನೂ ಸೇರಿಸಿದೆ. ಕರಡು ಇವತ್ತು ರಾತ್ರಿ ಇಲ್ಲೇ ಹಾಕುತ್ತೇನೆ. ಹಳಿಗಾರ ಸರ್ ಒಮ್ಮೆ ಓದಿ ಕೊಡಬೇಕು. ಗಾಲಿಕುರ್ಚಿ_ಪಯಣ ಅವರೇ, ವಾರ್ಡ್ ಸಮಿತಿ ಸಭೆಗೆ ನೀವು ಬಂದು ಮಾತಾಡಬಹುದಾ?

ಗಾಲಿಕುರ್ಚಿ_ಪಯಣ
ಸಭೆ ಮಹಡಿ ಮೇಲೆ ಇಡದಿದ್ದರೆ ಖಂಡಿತ ಬರುತ್ತೇನೆ.